ಬಿಳಿ ಉಂಗುರದ ಹಕ್ಕಿ

ಆ ಹಕ್ಕಿ ನಮ್ಮ ಮನೆಗೆ ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ. ನನ್ನ ಅತ್ತೆ ಹಿತ್ತಲ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದರು. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಗೋಕಾಕದ ಬೇಸಿಗೆಯಲ್ಲಿ ಆ ಹೊತ್ತಿಗೆ ಬೀದಿಯ ನಾಯಿ ಕೂಡ ಗಟಾರದ ನೆರಳು ಬಿಟ್ಟು ಏಳುವುದಿಲ್ಲ. ಅಂಥ ನಿಶ್ಶಬ್ದದಲ್ಲಿ ಅತ್ತೆ ನನ್ನನ್ನು ಕರೆದರು, ಅದೂ ಪಿಸುಮಾತಿನಲ್ಲಿ.

"ಅವ್ವಾ, ಸಪ್ಪಳ ಮಾಡದ ಬಾ ಇಲ್ಲೆ. ಯಾರೋ ಬಂದಾರ."

ಬೀಗರ ಪೈಕಿ ಯಾರೋ ಬಂದರೆಂದು ತಿಳಿದು ಸೆರಗು ಸರಿಮಾಡಿಕೊಂಡು ಹೋದೆ. ನೋಡಿದರೆ ಮೊರದ ಅಂಚಿನ ಮೇಲೆ ಒಂದು ಹಕ್ಕಿ. ಮುಷ್ಟಿಯಷ್ಟು ದೊಡ್ಡದು. ಮೈ ಹಸಿರು, ಬಾಲ ಗಿಡ್ಡ, ಮುಖವನ್ನು ಯಾರೋ ಕಿತ್ತಳೆ ಬಣ್ಣದಲ್ಲಿ ಅದ್ದಿ ತೆಗೆದಂತಿತ್ತು. ಕೊಕ್ಕು ಕೆಂಪು. ಕಣ್ಣಿನ ಸುತ್ತ ಮಾತ್ರ ಸುಣ್ಣದಿಂದ ಬಳೆ ಬರೆದಂತೆ ದುಂಡನೆಯ ಬಿಳಿ ಉಂಗುರ. ಅದು ಅತ್ತೆಯ ಬೆರಳಿಗೆ ಗೇಣು ದೂರದಲ್ಲಿ ಕೂತು, ಅವರೇ ಬಡಿಸಿದರೇನೋ ಎಂಬಂತೆ ಸಜ್ಜೆ ಕಾಳು ಸುಲಿದು ತಿನ್ನುತ್ತಿತ್ತು.

"ಗಿಣಿ ಮರಿ ಇರಬೇಕ್ರಿ," ಎಂದೆ.

"ಗಿಣಿ ಮರಿಗೆ ಇಷ್ಟ ಧೈರ್ಯ ಎಲ್ಲಿಂದ ಬರಬೇಕು? ಇದು ಮನಷ್ಯಾರ ಕೂಡ ಬಾಳೇ ಮಾಡಿದ ಹಕ್ಕಿ ಐತಿ," ಎಂದರು ಅತ್ತೆ, ತುಟಿ ಮಾತ್ರ ಅಲ್ಲಾಡಿಸಿ.

ಗೋಡೆಯಾಚೆಯಿಂದ ಇಣುಕಿದ ಪಕ್ಕದ ಮನೆಯಾಕೆ, "ಅಯ್ಯ, ಇದು ಲವ್ ಬರ್ಡ್ ಅಲ್ಲೇನ್ರಿ?" ಎಂದರು. ನಾನು ಒಪ್ಪಲಿಲ್ಲ. ಲವ್ ಬರ್ಡ್ ಎಂದರೆ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ನನ್ನ ತವರು ಗೋಕಾಕ ಫಾಲ್ಸ್. ಅಪ್ಪ ಅಲ್ಲಿಯ ಗಿರಣಿಯಲ್ಲಿದ್ದರು. ನಮ್ಮ ಸಾಲುಮನೆಗಳಲ್ಲಿ ಒಬ್ಬರು ಬಾಗಿಲ ಬಳಿ ಪಂಜರ ತೂಗುಹಾಕಿ ಲವ್ ಬರ್ಡ್ಸ್ ಸಾಕಿದ್ದರು. ಅವು ತೆಳ್ಳಗೆ, ಉದ್ದ ಬಾಲದವು. ತಲೆಯ ಮೇಲೆ ಹೆಣೆದ ಬಟ್ಟೆಯಂತೆ ಸಣ್ಣ ಸಣ್ಣ ಕಪ್ಪು ಗೆರೆ. ನೀಲಿ, ಹಳದಿ, ತಿಳಿಹಸಿರು. ಧಬಧಬೆಯ ನೀರಿನ ಸಪ್ಪಳದ ಜೊತೆ ಅವುಗಳ ಚಿಲಿಪಿಲಿ ಕೇಳುತ್ತಲೇ ನಾನು ಬೆಳೆದವಳು. ಇದು ಆ ಜಾತಿಯಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟೆ.

ಸಂಜೆ ಫೋನಿನಲ್ಲಿ ಹುಡುಕಿ ನೋಡಿದ ಮೇಲೆ ಗೊತ್ತಾಯಿತು: ಪಕ್ಕದ ಮನೆಯಾಕೆಯ ಮಾತೇ ಸರಿ. ಬಾಲ್ಯದಿಂದ ನಾನು ಲವ್ ಬರ್ಡ್ ಎಂದು ಕರೆಯುತ್ತ ಬಂದವು ಲವ್ ಬರ್ಡೇ ಅಲ್ಲ. ಅವು ಬಡ್ಜಿಗಳು, ಆಸ್ಟ್ರೇಲಿಯಾ ಮೂಲದವು. ನಮ್ಮ ಕಡೆಯ ಪೇಟೆಗಳಲ್ಲಿ ಅವನ್ನೇ ಲವ್ ಬರ್ಡ್ ಎಂದು ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲ, ದುಂಡು ಮೈ, ದೊಡ್ಡ ಕೊಕ್ಕು.

ನಮ್ಮದು ಜೈನರ ಮನೆ. ಅತ್ತೆ ಹುಕ್ಕೇರಿಯ ಹೆಣ್ಣುಮಗಳು; ಇಲ್ಲಿಗೆ ಮದುವೆಯಾಗಿ ಬಂದು ಮುಪ್ಪಾದವರು. ನೀರು ಸೋಸದೆ ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಉಂಡವರಲ್ಲ. ಇರುವೆ ಸಾಲು ದಾಟುವಾಗ ಸೀರೆ ಎತ್ತಿ ಹೆಜ್ಜೆ ಇಡುವವರು. ಅಂಥವರ ಮನೆಗೆ ಪಂಜರದ ಹಕ್ಕಿ ತಾನಾಗಿ ಬಂದು ಕೂತಾಗ ದೊಡ್ಡ ಪೇಚು ಉಂಟಾಯಿತು. ನನ್ನ ಗಂಡ ಅರಭಾವಿಯ ಕಾಲೇಜಿನಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಬಸ್ಸಿಳಿದು ಬಂದವರು ಹಕ್ಕಿ ನೋಡಿ ಖುಷಿಯಾಗಿ, "ನಾಳೆ ಒಂದು ಪಂಜರ ತರ್ತೇನಿ," ಎಂದರು.

"ಈ ಮನಿಯೊಳಗ ಪಂಜರ ಬರಬಾರದು," ಎಂದರು ಅತ್ತೆ.

"ಹಂಗಾರ ಬಿಟ್ಟಬಿಡೂಣು."

"ಬಿಟ್ಟರ ಕಾಗಿ ಹರದ ತಿಂತಾವು. ಅದೂ ನಮ್ಮ ತಲೀಮ್ಯಾಗ ಬರ್ತೈತಿ."

ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅತ್ತೆ ಮರಾಠಿಯಲ್ಲಿ ಏನೋ ತಮಗೆ ತಾವೇ ಹೇಳಿಕೊಂಡರು. ಕಠಿಣ ಲೆಕ್ಕಗಳನ್ನೆಲ್ಲ ಅವರು ಮಾಡುವುದು ಮರಾಠಿಯಲ್ಲೇ. ಆಮೇಲೆ ತೀರ್ಮಾನ ಹೇಳಿದರು. ಹಕ್ಕಿ ಯಾರದೋ, ಅವರು ಸಿಗುವ ತನಕ ಮಾಳಿಗೆಯ ಕೋಣೆ ಅದರದು. ಆ ಕೋಣೆಯ ಕಿಟಕಿಗೆ ಕಬ್ಬಿಣದ ಜಾಳಿಗೆ ಇತ್ತು. ಗಂಡ ಫ್ಯಾನಿನ ಗುಂಡಿಗೆ ಟೇಪು ಸುತ್ತಿದರು, ಯಾರೂ ಮರೆತು ಒತ್ತಬಾರದೆಂದು. ಅತ್ತೆ ಒಂದು ಬೇವಿನ ಟೊಂಗೆ ತರಿಸಿ ಗೂಟಕ್ಕೆ ಕಟ್ಟಿಸಿದರು. ಹಕ್ಕಿ ಅದರ ಮೇಲೆ ಹಾರಿ ಕೂತು, ತೊಗಟೆ ಸುಲಿಯಲು ಶುರುಮಾಡಿತು.

ಅಂದಿನಿಂದ ನಮ್ಮ ಅತ್ತೆಯ ಇನ್ನೊಂದು ಮುಖ ನೋಡಿದೆ. ಅದನ್ನು ಹೇಗೆ ಹೇಳಬೇಕು ಎಂದು ಇವತ್ತಿಗೂ ನನಗೆ ಸರಿಯಾಗಿ ತಿಳಿಯುವುದಿಲ್ಲ. ಅವರು ಹಕ್ಕಿಯನ್ನು ಮುದ್ದು ಮಾಡಲಿಲ್ಲ, ಹೆಸರಿಡಲಿಲ್ಲ, ಕೈಮೇಲೆ ಕೂರಿಸಿಕೊಳ್ಳಲಿಲ್ಲ. ಬರೀ ನೋಡಿದರು. ಸಾಮಾಯಿಕದ ಧ್ಯಾನಕ್ಕೆ ಕೂತ ಹಾಗೆ ಚಾಪೆ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಏರಿಸಿ ನೋಡಿದರು. ನಾನು ಶಾಲೆಯಿಂದ ಬಂದ ಕೂಡಲೇ ಆ ದಿನ ಕಂಡದ್ದನ್ನೆಲ್ಲ ಹೇಳುತ್ತಿದ್ದರು. ಸೂರ್ಯಕಾಂತಿ ಬೀಜ ಕೊಟ್ಟರೆ ಒಂದು ಕಾಲಿನಲ್ಲಿ ಹಿಡಿಯುವುದಿಲ್ಲ, ನೆಲದ ಮೇಲೆಯೇ ಒಡೆಯುತ್ತದೆ. ಎಡಗಾಲಿನಲ್ಲಿ ಒಂದು ಉಗುರಿಲ್ಲ. ಸಿಟ್ಟು ಬಂದರೆ ಕತ್ತು ಚಾಚಿ ಅಂಗಳ ಗುಡಿಸುವ ಹಾಗೆ ಅತ್ತಿತ್ತ ತಲೆ ಆಡಿಸುತ್ತದೆ. ಒಂದು ಸಂಜೆ ಅವರು ತುಂಬ ಸಂತೋಷದಿಂದ ಹೇಳಿದ್ದು ಇದು:

"ಇದು ಖರೇ ಶ್ರಾವಕ ಐತಿ ನೋಡವಾ. ಹೊತ್ತ ಮುಣಗಿತಂದ್ರ ಒಂದ ಕಾಳ ಮುಟ್ಟೂದಿಲ್ಲ."

ಹಕ್ಕಿಯ ಜಾತಿ ಯಾವುದು ಎಂಬ ಪ್ರಶ್ನೆ ಉಳಿದಿತ್ತು. ಲವ್ ಬರ್ಡ್‌ಗಳಲ್ಲಿ ಒಂಬತ್ತು ಜಾತಿ ಎಂದು ಫೋನಿನಲ್ಲಿ ಓದಿ, ಒಂದೊಂದರ ಚಿತ್ರ ತೆಗೆದು ಅತ್ತೆಗೆ ತೋರಿಸುತ್ತ ಹೋದೆ. ಅವರು ಚಿತ್ರ ನೋಡುವರು, ಹಕ್ಕಿ ನೋಡುವರು, ತಲೆ ಅಲ್ಲಾಡಿಸುವರು. ತಲೆ, ಎದೆ ಬೂದಿ ಬಣ್ಣದ್ದು ಮಡಗಾಸ್ಕರದ ಗಂಡು. ಅದರ ಹೆಣ್ಣು ಪೂರ್ತಿ ಹಸಿರು. ಅದಲ್ಲ. ಹಣೆ ಮಾತ್ರ ಕೆಂಪಾಗಿರುವ ಅಬಿಸೀನಿಯಾದ್ದೂ ಅಲ್ಲ. ಕೆಂಪು ಮುಖದ ಒಂದು ಜಾತಿ ಬಂತು. ಅದಕ್ಕೆ ಬಿಳಿ ಉಂಗುರ ಇರಲಿಲ್ಲ. ಕುತ್ತಿಗೆಗೆ ಕಪ್ಪು ದಾರ ಕಟ್ಟಿದಂತಿದ್ದ ಒಂದನ್ನು ಅತ್ತೆ ಬಹಳ ಹೊತ್ತು ನೋಡಿದರು. ಅದು ಕಾಡಿನ ಅತ್ತಿಹಣ್ಣು ಇಲ್ಲದೆ ಬದುಕುವುದಿಲ್ಲವಂತೆ, ಅದನ್ನು ಸಾಕಲು ಆಗುವುದಿಲ್ಲವಂತೆ ಎಂದು ಓದಿ ಹೇಳಿದೆ. "ಶ್ಯಾಣ್ಯಾ ಹಕ್ಕಿ," ಎಂದರು ಅತ್ತೆ, ಮನಸ್ಸು ತುಂಬಿ.

ಪೀಚ್ ಫೇಸ್ ಎಂಬುದು ಎಲ್ಲ ಕಡೆ ಸಿಗುವ ಜಾತಿ. ಮುಖ ಪೇರಲ ಹಣ್ಣಿನ ಒಳಗಿನಂತೆ ನಸುಗೆಂಪು, ಕೊಕ್ಕು ದಂತದ ಬಣ್ಣ, ಕಣ್ಣಿಗೆ ಉಂಗುರ ಇಲ್ಲ. ಅದನ್ನೂ ಬಿಟ್ಟೆವು. ಉಳಿದವು ನಾಲ್ಕು, ನಾಲ್ಕಕ್ಕೂ ಬಿಳಿ ಉಂಗುರ. ತಲೆ ಮಸಿಯಂತೆ ಕಪ್ಪಾಗಿ ಕೊರಳಿಗೆ ಹಳದಿ ಪಟ್ಟಿ ಇದ್ದರೆ ಮಾಸ್ಕ್. ಕೆನ್ನೆ ಕಂದುಗಪ್ಪಾಗಿದ್ದರೆ ಇನ್ನೊಂದು. ಕೊನೆಗೆ ಕಿತ್ತಳೆ ಮುಖದ ಎರಡು ಉಳಿದವು, ಫಿಶರ್ ಮತ್ತು ನ್ಯಾಸಾ. ಚಿತ್ರದಲ್ಲಿ ಅವೆರಡೂ ಅಕ್ಕತಂಗಿಯರಂತಿದ್ದವು. ವ್ಯತ್ಯಾಸ ಎಲ್ಲಿದೆಯೆಂದರೆ ಬೆನ್ನಿನ ಬುಡದಲ್ಲಿ, ಬಾಲ ಶುರುವಾಗುವ ಜಾಗದಲ್ಲಿ. ಫಿಶರ್‌ಗೆ ಅಲ್ಲಿ ನೀಲಿ, ನ್ಯಾಸಾಗೆ ಹಸಿರು. ಆದರೆ ನಮ್ಮ ಹಕ್ಕಿ ರೆಕ್ಕೆ ಮಡಚಿ ಕೂತರೆ ಆ ಜಾಗ ಕಾಣುತ್ತಲೇ ಇರಲಿಲ್ಲ. ಹಾರುವಾಗ ನೋಡೋಣವೆಂದರೆ ಕಣ್ಣು ಹಿಡಿಯುವುದರೊಳಗೆ ಇಳಿದುಬಿಡುತ್ತಿತ್ತು.

"ಹಿಡದ ನೋಡೂಣೇನ್ರಿ?" ಎಂದೆ.

"ಬ್ಯಾಡ. ಅದ ತೋರಸ್ತೈತಿ, ತಡಿ," ಎಂದರು.

ಮರುದಿನ ಅಗಲವಾದ ತಾಟಿನಲ್ಲಿ ಸೋಸಿದ ನೀರು ಹಾಕಿ ಇಟ್ಟರು. ಬಿಸಿಲೇರಿದ ಮೇಲೆ ಹಕ್ಕಿ ತಾಟಿನ ಅಂಚಿಗೆ ಬಂತು, ಒಂದು ಕಾಲು ಇಳಿಸಿತು, ಮತ್ತೊಂದು ಕಾಲು ಇಳಿಸಿತು, ಆಮೇಲೆ ನಾಚಿಕೆ ಬಿಟ್ಟು ಮೈಯೆಲ್ಲ ಅದ್ದಿಕೊಂಡು ಸ್ನಾನ ಮಾಡಿತು. ಟೊಂಗೆಗೆ ಹಾರಿ ಕೂತು ಮೈ ಒಣಗಿಸಲು ಎರಡೂ ರೆಕ್ಕೆ ಹರವಿ ನಮಗೆ ಬೆನ್ನು ತಿರುಗಿಸಿತು. ಬಾಲದ ಮೇಲೆ, ಹಸಿರಿನ ನಡುವೆ, ಶಾಯಿ ಚೆಲ್ಲಿದಂಥ ನೀಲಿ. ನಾವಿಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಇಷ್ಟು ಚಿಕ್ಕ ಹಕ್ಕಿ, ಇಷ್ಟು ಚಂದದ ಬಣ್ಣವನ್ನು ಬೆನ್ನ ಮೇಲೆ, ತನಗೇ ಕಾಣದ ಜಾಗದಲ್ಲಿ ಹೊತ್ತು ತಿರುಗುತ್ತದಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಅತ್ತೆ ಮಾತ್ರ, "ಫಿಶರ್," ಎಂದು ಒಂದೇ ಮಾತು ಹೇಳಿ ರೊಟ್ಟಿ ಬಡಿಯಲು ಕೆಳಗಿಳಿದರು.

ಹಕ್ಕಿಯ ಒಡೆಯರನ್ನು ಹುಡುಕಲು ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಲು ಹೊರಟಿದ್ದೆ. ಅತ್ತೆ ತಡೆದರು.

"ಫೋಟೋ ಹಾಕಿದ್ರ ಎಲ್ಲಾರೂ ನಮ್ಮದು ಅಂತಾರ. ಹಕ್ಕಿ ಸಿಕ್ಕೈತಿ, ಗುರುತ ಹೇಳಿ ಒಯ್ಯರಿ ಅಂತ ಬರಿ."

ಹಾಗೆಯೇ ಬರೆದೆ. ನಮ್ಮ ಶಾಲೆಯ ಶಿಕ್ಷಕರ ಗುಂಪಿನಿಂದ ಅದು ಎಲ್ಲೆಲ್ಲಿಗೋ ಹೋಯಿತು. ಮೊದಲು ಬಂದವನು ಕಾಲೇಜು ಓದುವ ಒಬ್ಬ ತರುಣ. ಅತ್ತೆ ಅವನಿಗೆ ನೀರು ಕೊಟ್ಟು, "ನಿಂದು ಹ್ಯಾಂಗಿತ್ತಪಾ?" ಎಂದರು. ನೀಲಿ ಮೈ, ಬಿಳಿ ತಲೆ, ತಲೆಗೆ ಗೆರೆ, ಉದ್ದ ಬಾಲ ಎಂದ. ನನ್ನ ಬಾಲ್ಯದ ಹಕ್ಕಿಯನ್ನೇ ಹೇಳುತ್ತಿದ್ದ. ಇದು ಅದಲ್ಲ ಎಂದಾಗ ಅವನ ಮುಖ ಸಣ್ಣದಾಯಿತು.

ಎರಡನೆಯವರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹಸಿರು ಮೈ, ಕೆಂಪು ಮುಖ, ಗಿಡ್ಡ ಬಾಲ ಎಂದರು. ನನಗೆ ಇವರೇ ಎನಿಸಿ ಮೆಟ್ಟಿಲ ಕಡೆ ತಿರುಗಿದೆ. ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಕಣ್ಣಿನ ಸುತ್ತ ಏನಿತ್ರಿ?"

ಆತ ಯೋಚಿಸಿದರು. "ಏನಿಲ್ರಿ. ಬರೇ ಕಣ್ಣ."

"ಚುಂಚು?"

"ಬೆಳ್ಳಗ್ರಿ. ಸ್ವಲ್ಪ ಹಳದಿ ಹೊಡೀತಿತ್ತು."

ಅತ್ತೆ ನಿಟ್ಟುಸಿರು ಬಿಟ್ಟರು. "ನಿಮ್ಮದು ಪೀಚ್ ಫೇಸ್ರಿ. ಇದು ಬ್ಯಾರೆ. ನೀವು ಖರೇ ಹೇಳಿದ್ರಿ, ಅದಕ್ಕ ಹೇಳತೇನಿ, ನಿಮ್ಮ ಹಕ್ಕಿ ಎಲ್ಲೆರ ಕಂಡ್ರ ನಾನ ಹೇಳಿ ಕಳಸ್ತೇನಿ."

ಆತ ಹೋದ ಮೇಲೆ ಅತ್ತೆ ಬಹಳ ಹೊತ್ತು ಮಂಕಾಗಿದ್ದರು. ಒಂದೇ ಊರಿನಲ್ಲಿ ಇಷ್ಟು ಹಕ್ಕಿ ಕಳೆದಿವೆ, ನಮಗೆ ಸಿಕ್ಕಿದ್ದು ಒಂದೇ ಎಂಬುದು ಅವರನ್ನು ಕೊರೆಯುತ್ತಿತ್ತು.

ಆಮೇಲೆ ಮೂಡಲಗಿಯಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ಧ್ವನಿ ದೊಡ್ಡದು, ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿ ರೂಢಿಯಾದ ಧ್ವನಿ. ನಾನು ಫೋನನ್ನು ಅತ್ತೆಯ ಮುಂದೆ ಹಿಡಿದೆ. ಅತ್ತೆ ಪ್ರಶ್ನೆ ಶುರುಮಾಡುವ ಮೊದಲೇ ಆಕೆಯೇ ಕೇಳತೊಡಗಿದಳು.

"ಕಣ್ಣಿಗೆ ಬಿಳಿ ಉಂಗರ ಐತೇನ್ರಿ ಅಕ್ಕಾರ?"

"ಐತಿ."

"ಬಾಲದ ಮ್ಯಾಲೆ ನೀಲಿ?"

"ಐತಿ. ನಾವು ನೋಡೇವಿ."

"ಕಾಗದ ಸಿಕ್ರ ಪಟ್ಟಿ ಪಟ್ಟಿ ಹರೀತೈತಲ್ರಿ, ಅದನ್ನ ಎಲ್ಲೆ ಇಟಗೊಂಡ ಹಾರತೈತಿ? ಬಾಯಾಗೋ, ಬೆನ್ನ ಪುಕ್ಕದಾಗೋ?"

ಅತ್ತೆಯ ಮುಖ ಅರಳಿತು. ಹಳೆ ಕ್ಯಾಲೆಂಡರಿನ ಹಾಳೆಯನ್ನು ಆ ಹಕ್ಕಿ ಕತ್ತರಿ ಹಿಡಿದು ಕತ್ತರಿಸಿದಂತೆ ನೀಟಾಗಿ ಉದ್ದುದ್ದ ಹರಿಯುವುದನ್ನು ಅವರು ದಿನವೂ ನೋಡುತ್ತಿದ್ದರು. "ಬಾಯಾಗ್ರಿ! ಬಾಯಾಗ ಹಿಡದ ಮೂಲಿಗೆ ಒಯ್ದ ಇಡತೈತಿ."

"ಹಂಗಾರ ಉಂಗರದ ಜಾತೀನ ಅದು. ಪೀಚ್ ಫೇಸ್ ಆಗಿದ್ರ ಬೆನ್ನ ಪುಕ್ಕದಾಗ ಸಿಗಸಗೊಂಡ ಹಾರತಿತ್ರಿ. ಎಡಗಾಲಾಗ ಒಂದ ಉಗರ ಇಲ್ಲಲಾ?"

"ಇಲ್ಲ ನಮ್ಮವ್ವ, ಇಲ್ಲ!" ಎಂದರು ಅತ್ತೆ. ಒಂದು ಕೊರತೆಯನ್ನು ಅವರು ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಕೆ ನಡೆದದ್ದನ್ನು ಹೇಳಿದಳು. ಮಮದಾಪುರದಲ್ಲಿರುವ ಮಗಳಿಗೆ ಒಂದು ಜೋಡಿ ಹಕ್ಕಿ ಕೊಡಲು ಹೊರಟಿದ್ದಳಂತೆ. ಗೋಕಾಕ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಪಂಜರಕ್ಕೆ ಯಾರದೋ ಚೀಲ ಬಡಿದು ತಳದ ತಗಡು ಕಳಚಿತು. ಹೆಣ್ಣು ಹಾರಿತು. ಗಂಡು ಒಳಗೇ ಉಳಿಯಿತು. ಗಂಡನ್ನು ತಿರುಗಿ ಮನೆಗೆ ಒಯ್ದಳು. ಅದು ಅಂದಿನಿಂದ ಸರಿಯಾಗಿ ತಿನ್ನುತ್ತಿಲ್ಲ. "ನಾಳೆ ಬಂದ ಒಯ್ಯಲೇನ್ರಿ?" ಎಂದಳು.

ಅತ್ತೆ ಕೂಡಲೇ ಹೂಂ ಅನ್ನಲಿಲ್ಲ. "ನಾವ ತರತೇವಿ. ಅದು ಇರೂ ಜಾಗಾ ನನಗ ನೋಡಬೇಕು," ಎಂದರು.

ರವಿವಾರ ಮುಂಜಾನೆ ನಾನೂ ಅತ್ತೆಯೂ ಮೂಡಲಗಿ ಬಸ್ಸು ಹಿಡಿದೆವು. ಪಂಜರ ಬೇಡವೆಂದು ಬಿದಿರಿನ ಬುಟ್ಟಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಅದರಲ್ಲಿ ಹಕ್ಕಿಯನ್ನು ಕೂರಿಸಿದ್ದೆವು. ದಾರಿಯುದ್ದಕ್ಕೂ ಎರಡೂ ಕಡೆ ಕಬ್ಬು. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಬುಟ್ಟಿಯೊಳಗಿಂದ ಚಿಟ್ ಎಂದು ತಕರಾರು ಕೇಳುತ್ತಿತ್ತು. ಅತ್ತೆ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು.

ಆಕೆಯ ಮನೆ ಊರಾಚೆ, ಹೊಲದಲ್ಲಿ. ಕುರಿ ಸಾಕುವ ಮನೆತನ. ಈಗ ಗೋವಿನಜೋಳ, ಕಬ್ಬು ಬೆಳೆಯುತ್ತಾರೆ, ಕುರಿಯೂ ಇವೆ. ಆಕೆಗೆ ಐವತ್ತರ ಆಸುಪಾಸು, ಕೈತುಂಬ ಹಸಿರು ಬಳೆ. ಆಕೆಯ ಗಂಡ ಮಾತು ಕಡಿಮೆಯವರು. ನಮ್ಮನ್ನು ಕಂಡು "ಬರ್ರಿ" ಎಂದವರು, ಕುರಿ ಹೊಡೆದುಕೊಂಡು ಹೋಗುವಾಗ "ಉಂಡ ಹೋಗ್ರಿ" ಎಂದರು. ನಡುವೆ ಏನೂ ಇಲ್ಲ. ಕುರಿದೊಡ್ಡಿಯ ಬಾಜೂಕ್ಕೆ, ಹುಣಸೆ ಮರದ ನೆರಳಿನಲ್ಲಿ, ಆಳೆತ್ತರದ ಜಾಳಿಗೆಯ ಮನೆಗಳು ಸಾಲಾಗಿದ್ದವು. ಮನುಷ್ಯರು ಒಳಹೊಕ್ಕು ಓಡಾಡುವಷ್ಟು ದೊಡ್ಡವು. ಆಕೆ ಹುಬ್ಬಳ್ಳಿಯ ಕಡೆಯ ನೆಂಟರ ಮನೆಯಲ್ಲಿ ಮೊದಲ ಜೋಡಿ ನೋಡಿ ಮನಸೋತು ತಂದದ್ದಂತೆ. ಮುಂದಿನದೆಲ್ಲ ತಾನೇ ನೋಡಿ, ಕೇಳಿ, ತಪ್ಪಿ ಕಲಿತದ್ದು.

ಮೊದಲು ಹಕ್ಕಿಯನ್ನು ಬಿಟ್ಟೆವು. ಒಂದು ಜಾಳಿಗೆಯ ಮನೆಯಲ್ಲಿ ಅದರ ಗಂಡು ಒಂದು ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು ಕೂತಿತ್ತು. ಅತ್ತೆ ಬುಟ್ಟಿಯ ಬಟ್ಟೆ ಬಿಚ್ಚಿದರು. ಹೆಣ್ಣು ಹಾರಿ ಎದುರಿನ ಕಡ್ಡಿಗೆ ಹೋಯಿತು. ಗಂಡು ತಲೆ ಎತ್ತಿತು. ಅರೆಗಳಿಗೆ ಎರಡೂ ಅಲ್ಲಾಡಲಿಲ್ಲ. ಆಮೇಲೆ ಗಂಡು ಕಡ್ಡಿಯ ಮೇಲೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಸರಿದು ಸರಿದು ಬಂದು, ಅದರ ಮೈಗೆ ಮೈ ಹಚ್ಚಿ, ಕೊಕ್ಕಿಗೆ ಕೊಕ್ಕು ಕೊಟ್ಟು ಉಣಿಸತೊಡಗಿತು. ತಾನೇ ಸರಿಯಾಗಿ ಉಣ್ಣದ ಗಂಡು, ಹೊಟ್ಟೆಯಲ್ಲಿದ್ದ ಚೂರುಪಾರನ್ನೂ ತೆಗೆದು ಅದಕ್ಕೆ ಕೊಡುತ್ತಿತ್ತು. ಮೂಡಲಗಿಯ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಕೈಮುಗಿದರು. ಯಾರಿಗೆ ಮುಗಿದರೋ ನಾನು ಕೇಳಲಿಲ್ಲ.

ಚಹಾ ಆದ ಮೇಲೆ ಆಕೆ ನಮಗೆ ಒಂದೊಂದೇ ಜಾಳಿಗೆ ತೋರಿಸಿದಳು. ಒಂದರಲ್ಲಿ ಪೀಚ್ ಫೇಸ್ ಗುಂಪು, ಗದ್ದಲವೋ ಗದ್ದಲ. ಇನ್ನೊಂದರಲ್ಲಿ ಮಾಸ್ಕ್ ಜೋಡಿ, ಕರಿ ತಲೆಯಲ್ಲಿ ಬಿಳಿ ಉಂಗುರ ಹೊಳೆಯುತ್ತಿತ್ತು. ಅದರ ಬಾಜೂಕ್ಕೆ ಮೈ ನೀಲಿ, ಕೊರಳು ಬಿಳಿ, ತಲೆ ಕಪ್ಪು ಇರುವ ಹಕ್ಕಿ. ಇದು ಹತ್ತನೆಯ ಜಾತಿಯೇ ಎಂದು ಕೇಳಿದೆ.

"ಅಲ್ರಿ ಟೀಚರ, ಇದೂ ಮಾಸ್ಕ ಐತಿ. ಅಂಗಿ ಅಷ್ಟ ಬ್ಯಾರೆ," ಎಂದು ನಕ್ಕಳು. "ಬಣ್ಣ ನೋಡಿ ಜಾತಿ ಹೇಳಾಕ ಹೋದ್ರ ಮೋಸ ಹೊಕ್ಕೀರಿ. ಸಾಕಿದವ್ರು ಬಣ್ಣ ನೂರ ಥರ ಮಾಡ್ಯಾರ. ಮೊದಲ ಕಣ್ಣ ನೋಡ್ರಿ. ಚುಂಚೂ ಒಂದೊಂದ ಸಲ ಮೋಸ ಮಾಡತೈತಿ, ಕಣ್ಣ ಮಾಡೂದಿಲ್ಲ."

ಹೀಗೆಂದವಳೇ ಅತ್ತೆಯನ್ನು ಎರಡು ಹಳದಿ ಹಕ್ಕಿಗಳ ಮುಂದೆ ನಿಲ್ಲಿಸಿದಳು. ಬೇರೆ ಬೇರೆ ಜಾಳಿಗೆಯಲ್ಲಿದ್ದರೂ ಎರಡೂ ನಿಂಬೆಹಣ್ಣಿನಂತೆ ಹಳದಿ, ಎರಡರ ಮುಖವೂ ಕೆಂಪು. ನನಗೆ ಎರಡೂ ಒಂದೇ. ಅತ್ತೆ ಕನ್ನಡಕ ಏರಿಸಿದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು.

"ಇದು ಫಿಶರ್, ಉಂಗರ ಐತಿ. ಅದು ಪೀಚ್ ಫೇಸ್."

ಆಕೆ ಚಪ್ಪಾಳೆ ತಟ್ಟಿಬಿಟ್ಟಳು. "ನಮ್ಮ ಮನಿ ಮಂದಿಗೇ ಇನ್ನೂ ತಿಳಿಯೂದಿಲ್ಲ ನೋಡ್ರಿ ಇದು!"

"ಹೆಣ್ಣ ಯಾವದು, ಗಂಡ ಯಾವದು ಹೆಂಗ ತಿಳೀತೈತಿ?" ಎಂದು ಅತ್ತೆ ಕೇಳಿದರು.

"ಮಡಗಾಸ್ಕರದಂಥಾವು ಆದ್ರ ಬಣ್ಣದಾಗ ತಿಳೀತೈತಂತ. ನಮ್ಮ ಕಡೆ ಸಿಗೂ ಇವುನೊಳಗ ತಿಳಿಯೂದಿಲ್ರಿ. ಸೊಂಟದ ಎಲುಬ ಮುಟ್ಟಿ ಹೇಳತಾರ. ನಾನರ ತತ್ತಿ ಇಟ್ಟಮ್ಯಾಲೆ ನಂಬತೇನಿ."

ಅತ್ತೆ ನಕ್ಕರು. ಆಮೇಲೆ ನಗು ನಿಲ್ಲಿಸಿ, ಇಷ್ಟು ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇ ಬಿಟ್ಟರು. "ಹಿಂಗ ಕೂಡಿ ಹಾಕೂದು ಪಾಪ ಅನಸೂದಿಲ್ಲೇನವಾ ನಿನಗ?"

ನನಗೆ ಇರುಸುಮುರುಸಾಯಿತು. ಚಹಾ ಕುಡಿದ ಮನೆಯಲ್ಲಿ ಕೇಳುವ ಮಾತೇ ಅದು? ಆದರೆ ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಜಾಳಿಗೆಗೆ ಕೈ ಆನಿಸಿ ನಿಂತಳು.

"ಅನಸ್ತೈತ್ರಿ ಅಕ್ಕಾರ. ಕುರಿ ಆದ್ರ ಮುಂಜಾನೆ ಬಿಡತೇವಿ, ಸಂಜಿಗೆ ತಾವ ಬರತಾವು. ಇವುನ್ನ ಬಿಟ್ರ ಬರೂದಿಲ್ಲ, ಬದಕೂದೂ ಇಲ್ಲ. ಇವುರ ಅಜ್ಜ ಮುತ್ತ್ಯಾನೂ ಪಂಜರದಾಗ ಹುಟ್ಟಿದಾವು. ಕಾಡ ಅಂದ್ರ ಏನಂತ ಗೊತ್ತಿಲ್ಲ ಇವುಕ್ಕ. ಅದಕ್ಕ ನಾ ಜಾಗಾ ದೊಡ್ಡದ ಮಾಡಕೋತ ಹೊಂಟೇನಿ. ಇನ್ನ ಮ್ಯಾಲೆ ಏನ ಮಾಡಬೇಕು ನೀವ ಹೇಳ್ರಿ, ಮಾಡತೇನಿ."

ಅತ್ತೆ ಆಕೆಯ ಕೈ ಹಿಡಿದುಕೊಂಡರು. ಹೊರಡುವಾಗ ಆಕೆ ಒಂದು ಜೋಡಿ ಮರಿ ಒಯ್ಯಿರೆಂದು ಒತ್ತಾಯ ಮಾಡಿದಳು. ಅತ್ತೆ ಬೇಡವೆಂದರು. ಅದರ ಬದಲು ಆಕೆಯ ಫೋನ್ ನಂಬರನ್ನು ತಮ್ಮ ಫೋನಿನಲ್ಲಿ ಹಾಕಿಸಿಕೊಂಡರು. ಅಂದಿನಿಂದ ವಾರಕ್ಕೊಮ್ಮೆಯಾದರೂ ಇಬ್ಬರ ನಡುವೆ ಮಾತು. ಆಕೆ ಹಕ್ಕಿಯ ಫೋಟೋ ಕಳಿಸುತ್ತಾಳೆ, ಅತ್ತೆ ಜಾತಿ ಹೇಳುತ್ತಾರೆ. ಆಮೇಲೆ ಮಾತು ಮೊಮ್ಮಕ್ಕಳು, ಮೊಣಕಾಲು ನೋವು, ಕಬ್ಬಿನ ಕಟಾವು ಎಂದು ಎತ್ತೆತ್ತಲೋ ಹೋಗುತ್ತದೆ. ಇಷ್ಟು ವರ್ಷ ಬಳಗ ಬಿಟ್ಟು ಹೊರಗೆ ಗೆಳತಿ ಎಂದು ಯಾರನ್ನೂ ಮಾಡಿಕೊಳ್ಳದ ಅತ್ತೆಗೆ ಈ ವಯಸ್ಸಿನಲ್ಲಿ ಒಬ್ಬ ಗೆಳತಿ ಸಿಕ್ಕಳು.

ದೀಪಾವಳಿ ಮುಗಿದ ಮೇಲೆ ಹುಕ್ಕೇರಿಗೆ, ಅತ್ತೆಯ ತಮ್ಮನ ಮನೆಗೆ ಹೋಗಿದ್ದೆವು. ಅವರದು ಹಳೆಯ ವ್ಯಾಪಾರದ ಮನೆ. ನನ್ನ ಗಂಡನಂತೆ ನಾನೂ ಅವರನ್ನು ಮಾಮಾ ಅನ್ನುತ್ತೇನೆ. ಮಾಮಾ ನಮ್ಮ ಹಕ್ಕಿಯ ಕಥೆ ಕೇಳಿ ತಾವೂ ಒಂದು ಜೋಡಿ ತಂದಿದ್ದರು. ಅಂಗಳದಲ್ಲಿ ದೊಡ್ಡ ಪಂಜರ, ಒಳಗೆ ಮರದ ಗೂಡು, ಎರಡು ಹಸಿರು ಹಕ್ಕಿ. ಮಾಮಾ ಹೆಮ್ಮೆಯಿಂದ ತೋರಿಸಿದರು. ಒಂದೇ ಚಿಂತೆ ಅವರಿಗೆ: ಗೂಡಿನ ತುಂಬ ತತ್ತಿ, ಒಂದೂ ಮರಿಯಾಗುತ್ತಿಲ್ಲ.

ಅತ್ತೆ ಪಂಜರದ ಮುಂದೆ ಕೂತರು. ನನಗೂ ಈಗ ಕಣ್ಣು ಪಳಗಿತ್ತು. ಅವರು ಹೇಳುವ ಮೊದಲೇ ಕಂಡಿತು. ಒಂದಕ್ಕೆ ಉಂಗುರ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

"ಇವೆರಡೂ ಬ್ಯಾರೆ ಬ್ಯಾರೆ ಜಾತಿ ಅದಾವಲ್ಲೋ ತಮ್ಮಾ," ಎಂದರು.

ಮಾಮಾ ನಕ್ಕರು. "ಅಕ್ಕಾ, ಹಕ್ಕಿಗೂ ಜಾತಿ ನೋಡಿ ಲಗ್ನ ಮಾಡಬೇಕೇನ?"

"ಮನಷ್ಯಾರಾಗ ಇರೂದು ಒಂದ ಜಾತಿ. ಇವುನೊಳಗ ಖರೇನ ಒಂಬತ್ತ ಅದಾವು," ಎಂದರು ಅತ್ತೆ. ಮಾತು ಮುಗಿಸಿ ಮೂಡಲಗಿಗೆ ಫೋನು ಹಚ್ಚಿಸಿದರು. ತತ್ತಿ ಎಷ್ಟಿವೆ ಎಂದು ಆಕೆ ಕೇಳಿದಳು, ಗೂಡು ತುಂಬಿದೆ ಎಂದದ್ದಕ್ಕೆ, "ಒಂದ ಹೆಣ್ಣ ಅಷ್ಟ ಇಡೂದಿಲ್ರಿ. ಎರಡೂ ಹೆಣ್ಣ ಇರಬೇಕು," ಎಂದಳು. ಗಂಡು ಇದ್ದಿದ್ದರೂ ಈ ಎರಡು ಜಾತಿ ಕೂಡಿ ಹುಟ್ಟಿದ ಮರಿಗಳಿಗೆ ಮುಂದೆ ಮರಿಯಾಗುವುದಿಲ್ಲವೆಂದೂ ತಿಳಿಸಿದಳು.

ಮಾಮಾ ವ್ಯಾಪಾರದ ಮನುಷ್ಯ. ತಕ್ಷಣ ಉಪಾಯ ಕಂಡುಹಿಡಿದರು. "ಹಂಗಾರ ಒಂದನ್ನ ಕೊಟ್ಟ ಬಿಡತೇನಿ. ಇನ್ನೊಂದಕ್ಕ ಅದರ ಜಾತಿ ಗಂಡ ತರತೇನಿ."

ಅಷ್ಟರಲ್ಲಿ ಪಂಜರದಲ್ಲಿ ಉಂಗುರವಿಲ್ಲದ ಹಕ್ಕಿ ತಲೆ ಬಗ್ಗಿಸಿ ಕೊಟ್ಟಿತ್ತು. ಇನ್ನೊಂದು ಅದರ ಕತ್ತಿನ ಪುಕ್ಕವನ್ನು ಒಂದೊಂದೇ ಬಿಡಿಸಿ ಬಾಚುತ್ತಿತ್ತು. ತಲೆ ಬಗ್ಗಿಸಿದ ಹಕ್ಕಿಯ ಕಣ್ಣುಗಳು ಸುಖದಿಂದ ಅರ್ಧ ಮುಚ್ಚಿದ್ದವು. ಮೂಡಲಗಿಯಲ್ಲಿ ಕಂಡ ಗಂಡುಹಕ್ಕಿ, ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿದು ಕೂತದ್ದು ನನ್ನ ಕಣ್ಣ ಮುಂದೆ ಬಂತು. ಅತ್ತೆಗೂ ಬಂದಿರಬೇಕು.

"ಬ್ಯಾಡ," ಎಂದರು. "ಜಾತಿ ಯಾವದಂತ ತಿಳಕೊಂಡಿದ್ದು ಅಗಲಸಾಕಲ್ಲ. ಅವು ಜೋಡಿ ಬಿದ್ದಾವು. ಇರ್ಲಿ ಬಿಡು."

"ಮರಿ?"

"ಮರಿ ನಿನಗ ಬೇಕು. ಅವು ಕೇಳ್ಯಾವೇನು?"

ಮಾಮಾ ಅಕ್ಕನ ಮಾತಿಗೆ ಎದುರಾಡಿದವರಲ್ಲ. ಆದರೂ ಮುಖ ಗಂಟು ಹಾಕಿಕೊಂಡರು. ಅವರ ಹೆಂಡತಿ ಗೂಡು ತೆಗೆದರು, ಸುಮ್ಮನೆ ತತ್ತಿ ಇಟ್ಟು ಇಟ್ಟು ಹಕ್ಕಿಗಳು ಸೊರಗಬಾರದೆಂದು. ಗೂಡಿದ್ದ ಜಾಗಕ್ಕೆ ಅತ್ತೆ ಒಂದು ಬೇವಿನ ಟೊಂಗೆ ಕಟ್ಟಿಸಿದರು. ಪಂಜರ ದೊಡ್ಡದು ಮಾಡಿಸಲು ತಮ್ಮನಿಂದ ಮಾತು ತೆಗೆದುಕೊಂಡರು.

ಮಧ್ಯಾಹ್ನ ಊಟವಾದ ಮೇಲೆ ನಾವು ಹೆಂಗಸರು ಒಳಗೆ ಮಾತಾಡುತ್ತ ಕೂತೆವು. ನೀರು ಕುಡಿಯಲು ಎದ್ದವಳು ಅಂಗಳದ ಕಡೆ ನೋಡಿದೆ. ಮಾಮಾ ಒಂದು ಕುರ್ಚಿ ಎಳೆದುಕೊಂಡು ಪಂಜರದ ಮುಂದೆ ಕೂತಿದ್ದರು. ಮರಿಯ ಆಸೆ ಹೋದ ಮೇಲೆ ಆ ಹಕ್ಕಿಗಳನ್ನು ಮೊದಲ ಸಲ ಸರಿಯಾಗಿ ನೋಡುತ್ತಿದ್ದರೋ ಏನೋ. ಎರಡೂ ಹಕ್ಕಿ ಹೊಸ ಟೊಂಗೆಯ ಆಚೆ ತುದಿಯಿಂದ ಒಂದು, ಈಚೆ ತುದಿಯಿಂದ ಒಂದು ಎಲೆ ಕತ್ತರಿಸಿ ಕೆಳಗೆ ಹಾಕುತ್ತಿದ್ದವು. ಮಾಮಾ ಕುರ್ಚಿಯನ್ನು ಇನ್ನಷ್ಟು ಮುಂದೆ ಸರಿಸಿಕೊಂಡರು. ಅತ್ತೆಯನ್ನು ಕರೆಯೋಣವೆಂದುಕೊಂಡೆ, ಕರೆಯಲಿಲ್ಲ. ನೀರಿನ ತಂಬಿಗೆ ಹಿಡಿದು ನಾನೂ ಅಲ್ಲೇ ಬಾಗಿಲಲ್ಲಿ ನಿಂತು ನೋಡಿದೆ.